ಬರ್ತೀನಿ ಅಂದವನಿಗೆ ತೆರೆದ ಬಾಗಿಲು

ಆ ದಿನವೂ ಬೆಕ್ಕು ಹಾಲು ಕುಡಿಯಿತು.

ಬಡಗಿ ಎಂದಿನಂತೆ ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು, ಹೊಸ್ತಿಲಲ್ಲಿ ನಿಂತು "ಬರ್ತೀನಿ ಕಣೇ" ಎಂದು ಕೂಗಿ ಹೊರಟ. ಹೆಂಡತಿ ಬಚ್ಚಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಹ್ಞೂಂ" ಎಂದಳು, ಅಷ್ಟೇ. ಅವಳು ಬಂದು ನೋಡಿದರೆ ಬಾಗಿಲು ಹಾರು ಹೊಡೆದಿದೆ. ಬೆಕ್ಕು ಪಾತ್ರೆಗೆ ಮೂತಿ ಹಾಕಿದೆ. ಪಕ್ಕದಲ್ಲೇ ಬೀಗದವನು ಬ್ರೆಡ್ ತಿನ್ನುತ್ತ ಕೂತಿದ್ದಾನೆ.

ಬೀಗದವನು ಬೇರೆ ದೇಶದವನು. ಅವರ ಎರಡು ಕೋಣೆಯಲ್ಲಿ ಒಂದಕ್ಕೆ ಬಾಡಿಗೆಗೆ ಬಂದಿದ್ದ. ಅವನು ಹಾಡಿದರೆ ಯಾರೋ ಹಲ್ಲು ಕೀಳಿಸಿಕೊಂಡ ಹಾಗೆ ಕೇಳಿಸುತ್ತಿತ್ತು. ಬಡಗಿ ಈಚೆಯಿಂದ ಗೋಡೆಗೆ ಸುತ್ತಿಗೆಯಲ್ಲಿ ತಾಳ ಹಾಕುತ್ತಿದ್ದ. ಊರವರ ಬೀಗವನ್ನೆಲ್ಲ ರಿಪೇರಿ ಮಾಡುವವನು ಈ ಮನೆಗೆ ಮಾತ್ರ ಚಿಲಕ ಹಾಕುತ್ತಿರಲಿಲ್ಲ.

"ಬಾಗಿಲು ಯಾಕಯ್ಯಾ ಹಾಕ್ಲಿಲ್ಲ?"

"ಅಣ್ಣ ಬರ್ತೀನಿ ಅಂದ, ಅತ್ತೆ. ಬರೋನಿಗೆ ಬಾಗಿಲು ಹಾಕೋದಾ?"

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಕಣಯ್ಯಾ!"

"ಮತ್ತೆ ಹೋಗ್ತೀನಿ ಅಂದ್ರೆ?"

"ಹಾಗನ್ನಬಾರದು!"

ಅವನು ಬ್ರೆಡ್ ಕೆಳಗಿಟ್ಟು ಯೋಚಿಸಿದ. "ನಿಮ್ಮ ಭಾಷೆಗೇ ಬೀಗ ಕೆಟ್ಟಿದೆ" ಎಂದ.

ಅವಳನ್ನು ಅತ್ತಿಗೆ ಅನ್ನು ಎಂದು ಬಡಗಿ ಕಲಿಸಿದ್ದ. ಕೊನೆಯ 'ಗೆ' ಅವನ ನಾಲಿಗೆಗೆ ಹತ್ತಲೇ ಇಲ್ಲ. ಅವಳಿಗಿಂತ ಎಷ್ಟೋ ದೊಡ್ಡವನು, ಬೋಳುತಲೆಯವನು, ಬೀದಿಯಿಂದಲೇ "ಅತ್ತೇ" ಎಂದು ಕೂಗುತ್ತಿದ್ದ. ಬಡಗಿ ಹೊಟ್ಟೆ ಹಿಡಿದು ನಗುತ್ತಿದ್ದನೇ ಹೊರತು ತಿದ್ದಲಿಲ್ಲ.

ಅಂದು ಮಧ್ಯಾಹ್ನ ಬಡಗಿ ಕೆಲಸದ ಜಾಗದಲ್ಲಿ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಹೊತ್ತು ತಂದಾಗ ಬೀಗದವನು ಎರಡೂ ಕದ ತೆರೆದು ಹಿಡಿದುಕೊಂಡು ನಿಂತ.

ಎಲ್ಲ ಮುಗಿದ ಮೇಲೆ ಅವಳ ಅಣ್ಣ ಕರೆದುಕೊಂಡು ಹೋಗಲು ಬಂದ. ಹೋದರೆ ಅವನ ಹೆಂಡತಿಯ ಅಡುಗೆಮನೆಯ ಮೂಲೆಯೇ ಗತಿ. ಇರೋಣವೆಂದರೆ, ಬೀಗದವನ ಕೋಣೆ ಖಾಲಿಯಾದರೆ ಮನೆ ನಡೆಯುವುದಿಲ್ಲ.

ಅಷ್ಟರಲ್ಲಿ ಬೀಗದವನು "ಅತ್ತೇ" ಎಂದ.

ಅಣ್ಣ ಬೆಚ್ಚಿಬಿದ್ದ. "ನಿಂಗೆ ಮಗಳೇ ಇಲ್ವಲ್ಲೇ, ಇವನ್ಯಾವ ಸೀಮೆ ಅಳಿಯ?"

ಗಂಡ ಸತ್ತ ಮೇಲೆ ಮೊದಲ ಸಲ ಅವಳಿಗೆ ನಗು ಬಂತು. ಅದರ ಹಿಂದೆಯೇ ಅಳು. ಬಾಯಿಗೆ ಕೈ ಅಡ್ಡ ಹಿಡಿದಳು.

ಬೀಗದವನ ಕೈಯಲ್ಲಿ ಪೆಟ್ಟಿಗೆಯಿತ್ತು. ಒಂಟಿ ಹೆಂಗಸಿನ ಮನೆಯಲ್ಲಿ ಇರಬಾರದು ಎಂದು ಬೀದಿಯವರು ಅವನ ಕಿವಿ ಊದಿದ್ದರು. ಹೊಸ್ತಿಲಲ್ಲಿ ನಿಂತು, "ಬರ್ತೀನಿ, ಅತ್ತೆ" ಎಂದ. ಈ ಸಲ ಹೋಗುವುದಕ್ಕೇ 'ಬರ್ತೀನಿ' ಅಂದಿದ್ದ; ಮಾತು ಸರಿಯಾಗಿತ್ತು.

"ಬರ್ತೀಯಾ? ಸರಿ. ಬರ್ತಾ ಹಾಲು ತಗೊಂಡ್ಬಾ. ಹಾಲು ತರೋಕೆ ಪೆಟ್ಟಿಗೆ ಯಾಕೆ? ಇಲ್ಲಿಡು."

"ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ನೀವೇ..."

"ನಂಗೇ ಭಾಷೆ ಕಲಿಸ್ಬೇಡ."

ಅವನು ಪೆಟ್ಟಿಗೆ ಇಟ್ಟು ಹೋಗಿ ಹಾಲು ತಂದ. ಅಣ್ಣ ಒಬ್ಬನೇ ಬಸ್ಸು ಹತ್ತಿದ.

ಈಗಲೂ ಬೀಗದವನು ಬೆಳಿಗ್ಗೆ ಬಾಗಿಲು ತೆರೆದಿಟ್ಟೇ ಕೆಲಸಕ್ಕೆ ಹೋಗುತ್ತಾನೆ. ಅವಳು ಬೈಯುತ್ತಾಳೆ, ಆದರೆ ತಾನೂ ಚಿಲಕ ಹಾಕುವುದಿಲ್ಲ. ಬೆಕ್ಕು ಬರುತ್ತದೆ. ಅವಳು ಒದ್ದೆ ಬಟ್ಟೆ ಹಿಡಿದು, ಅಡುಗೆಮನೆಯಿಂದ ಹೊಸ್ತಿಲವರೆಗೆ, ಹಾಲಿನ ಹೆಜ್ಜೆ ಒರೆಸುತ್ತಾಳೆ.