ಅಟ್ಟದ ಮೇಲೆ ಕೈ ಹಿಡಿದವನು

ಅಣ್ಣ ಸತ್ತು ವರ್ಷ ತುಂಬುವ ಮೊದಲೇ ಅವನ ಮಗಳು ಅವನ ಮೇಲೊಂದು ಆಟ ಮಾಡಿಕೊಂಡು ಬಂದಳು. ಕಾಲೇಜಿನಲ್ಲಿ ಕಂಪ್ಯೂಟರ್ ಆಟ ಮಾಡುವುದನ್ನೂ ಕಲಿಸುತ್ತಾರಂತೆ. ತಿಪಟೂರಿನ ನಮ್ಮ ಮನೆಗೆ ಬಂದವಳು ಕಾಫಿಗೂ ಕಾಯದೆ ಲ್ಯಾಪ್‌ಟಾಪ್ ತೆರೆದಳು. ಇದರಲ್ಲಿ ಸೋಲು ಗೆಲುವು ಇಲ್ಲ, ಸುಮ್ಮನೆ ನಡೆದುಕೊಂಡು ಹೋದರೆ ಒಂದೊಂದೇ ನೆನಪು ಬರುತ್ತದೆ, ದುಃಖ ಹಗುರಾಗುತ್ತದೆ ಎಂದಳು. ನನಗೆ ದುಃಖವಿದೆ ಎಂದು ಇವಳಿಗೆ ಯಾರು ಹೇಳಿದರೋ. ನನಗಿದ್ದದ್ದು ಸಿಟ್ಟು. ಅಣ್ಣ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ. ತುರುವೇಕೆರೆ ಕಡೆಯ ನಮ್ಮೂರಿಗೆ ಇಲ್ಲಿಂದ ಒಂದು ಬಸ್ಸು ಹತ್ತಿದರೆ ಸಾಕು. ಆದರೂ ನನಗೆ ಹೇಳಿಕಳಿಸಿದ್ದು ಮಣ್ಣಿಗೆ ಮಾತ್ರ.

ಬೇಡವೆಂದರೂ ಅವಳು ನನ್ನ ಬೆರಳನ್ನು ಗುಂಡಿಯ ಮೇಲಿಟ್ಟಳು. ಪರದೆಯ ಮೇಲೆ ನಮ್ಮ ತೋಟ, ಮನೆ, ಅಟ್ಟಕ್ಕೆ ಹತ್ತುವ ಏಣಿ. ಎರಡು ಜಡೆಯ ಹುಡುಗಿ ನಾನಂತೆ. ಪಕ್ಕದಲ್ಲಿ ನನ್ನ ಕೈ ಹಿಡಿದ ಹುಡುಗ ಅವಳಪ್ಪ. ಇಬ್ಬರೂ ಅಟ್ಟ ಹತ್ತಿ, ಕೊಬ್ಬರಿಯಾಗಲೆಂದು ರಾಶಿ ಹಾಕಿದ ತೆಂಗಿನಕಾಯಿಗಳ ಮೇಲೆ ನಡೆಯುತ್ತಿದ್ದರು. ಹಿನ್ನೆಲೆಯಲ್ಲಿ ಕೊಳಲಿನ ದನಿ ಬೇರೆ. ನನಗೆ ಮೈ ಉರಿದುಹೋಯಿತು.

ಮಟ್ಟೆ ಸುಲಿಯದ ಕಾಯಿ ವರ್ಷವಿಡೀ ಅಟ್ಟದಲ್ಲಿ ಅಲುಗದೆ ಒಣಗಬೇಕು. ಮಕ್ಕಳು ಅದರ ಮೇಲೆ ಓಡಾಡಿದರೆ ಅಪ್ಪ ಚರ್ಮ ಸುಲಿಯುತ್ತಿದ್ದರು. ಅದಕ್ಕೇ ಅದು ನಮಗೆ ಆಟ. ಅಪ್ಪ ಕೆಳಗೆ ಉಣ್ಣಲು ಕೂತಾಗ ಒಂದು ಕಾಯಿಯೂ ಉರುಳದಂತೆ ಏಣಿಯಿಂದ ಆಚೆ ಗೋಡೆ ಮುಟ್ಟಿ ಬರಬೇಕು. ಆ ರಾಶಿಯ ಮೇಲೆ ಕೈ ಹಿಡಿದುಕೊಂಡು ನಡೆದವರು ಇಬ್ಬರೂ ಬೀಳುತ್ತಾರೆ. ಅಣ್ಣ ಹಿಡಿಯುವವನೂ ಅಲ್ಲ. ನಾನು ಇನ್ನೇನು ಗೋಡೆ ಮುಟ್ಟಬೇಕು ಎನ್ನುವಾಗ ನನ್ನ ಕಾಲಡಿಯ ಕಾಯಿಯನ್ನು ಒದ್ದು, ಸರಸರ ಇಳಿದು, ಅಪ್ಪನ ಪಕ್ಕ ಕೂತು ಮುದ್ದೆ ಮುರಿಯುತ್ತಿದ್ದ. ಸದ್ದು ನನ್ನದು, ಏಟೂ ನನ್ನದು.

ಇದನ್ನೆಲ್ಲ ಹೇಳಿದೆ, ಮೆತ್ತಗೇನೂ ಅಲ್ಲ. ಸತ್ತ ಕೂಡಲೇ ಎಲ್ಲರೂ ದೇವರಾಗಿಬಿಡುತ್ತಾರೆ, ನಿಮ್ಮಪ್ಪನನ್ನು ಮಾತ್ರ ಹಾಗೆ ಮಾಡಲು ನಾನು ಬಿಡುವುದಿಲ್ಲ ಎಂದೆ. ನನಗೆ ಉಳಿದಿರುವುದು ಆ ಕೇಡಿಗ ಒಬ್ಬನೇ, ಅವನನ್ನೂ ಅಳಿಸಿ ಈ ಕೊಳಲಿನ ಹುಡುಗನನ್ನು ನನ್ನ ಕೈಗೆ ಕೊಡಬೇಡ ಎಂದೆ. ಅವಳು ವಾದಿಸಲಿಲ್ಲ. ಬದಲಾಯಿಸುತ್ತೇನೆ, ಕಾಯಿ ಒದೆಯುವುದನ್ನೇ ಹಾಕುತ್ತೇನೆ ಎಂದಳು. ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಇಷ್ಟು ಬೇಗ ಒಪ್ಪುವವಳು ಆ ತಿಂಗಳುಗಳಲ್ಲಿ ಒಂದು ಫೋನ್ ಮಾಡಬಾರದಿತ್ತೇ?

"ನಿಂಗೂ ಗೊತ್ತಿತ್ತು ಕಣೇ. ಮನೇಲಿ ಎಲ್ರಿಗೂ ಗೊತ್ತಿತ್ತು. ನಾನೊಬ್ಳೇ ಹೊರಗಿನೋಳು."

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ದುಪಟ್ಟಾದ ತುದಿಯಿಂದ ಅದರ ಮುಚ್ಚಳವನ್ನೇ ಒರೆಸುತ್ತ ಕೂತಳು.

"ಅಪ್ಪನೇ ಬ್ಯಾಡ ಅಂದ್ರು ಅತ್ತೆ. ಅವ್ಳು ಬಂದ್ರೆ ಬೈತಾಳೆ, ಬೈದ್ರೆ ನಾನು ಅತ್ತುಬುಡ್ತೀನಿ, ಅವ್ಳ ಮುಂದೆ ಅಳಕ್ಕಾಗಕಿಲ್ಲ ಅಂದ್ರು."

ನಾನು ಎದ್ದು ಅಡುಗೆಮನೆಗೆ ಹೋಗಿ ಕಾಫಿಗೆ ಹಾಲಿಟ್ಟೆ. ಅಲ್ಲಿಂದಲೇ ಅವನನ್ನು ಬೈಯಲು ಶುರು ಮಾಡಿದೆ, ಅವನ ಮಗಳಿಗೆ ಕೇಳಿಸುವಂತೆ. ಹೇಡಿ ಎಂದೆ, ಕಳ್ಳ ಎಂದೆ. ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿದರೂ ನಿಲ್ಲಿಸಲಿಲ್ಲ. ನಾನು ಹೋಗಿದ್ದರೆ ಬೈಯುತ್ತಿದ್ದೆ, ಅದು ನಿಜ. ಬೈದು, ಅಲ್ಲೇ ಉಳಿದು, ಅವನಿಗೆ ಗಂಜಿ ಕುಡಿಸುತ್ತಿದ್ದೆ. ಮುಂಡೇದಕ್ಕೆ ಅಷ್ಟೂ ಗೊತ್ತಿರಲಿಲ್ಲವೇ.