ಕುರ್ಚಿ ಸರಿದರೆ ಕಿಟಕಿಯಮ್ಮನಿಗೆ ಗೊತ್ತಾಗುತ್ತದೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮೀಟಿಂಗ್ ಹಾಲಿನಲ್ಲಿ ಹೆಂಗಸೊಬ್ಬರು ಉದ್ದನೆಯ ಮೇಜಿನ ಮೇಲೆ ಬಾಗಿ, ತಲೆ ಓರೆ ಮಾಡಿಕೊಂಡು, ನಿನ್ನೆಯ ಚಹಾ ಲೋಟಗಳು ಬಿಟ್ಟುಹೋದ ಉಂಗುರದ ಕಲೆಗಳನ್ನು ಹುಡುಕುತ್ತಿದ್ದಾರೆ. ಕಲೆಗಳು ದೂರ ದೂರ ಇದ್ದರೆ ಜೀವಕ್ಕೆ ಸಮಾಧಾನ. ಒಂದೇ ಮೂಲೆಯಲ್ಲಿ ಗುಂಪುಗಟ್ಟಿದ್ದರೆ ಮಾಸ್ಕಿನೊಳಗಿಂದ ಒಂದು ಬೈಗುಳ ಹೊರಬೀಳುತ್ತದೆ.

“ಪರವಾಗಿಲ್ಲ, ನಿನ್ನೆ ಮನುಷ್ಯರ ಹಾಗೆ ಕೂತಿದ್ದಾರೆ,” ಎನ್ನುತ್ತಾ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ.

ಆಮೇಲೆ ಕಿಟಕಿಗಳ ಸರದಿ. ಒಂದೊಂದನ್ನೂ ಭುಜಕೊಟ್ಟು ನೂಕಿ ತೆರೆದು, ಯಾರೂ ಮತ್ತೆ ಮುಚ್ಚದಂತೆ ಅದರ ಹಿಡಿಯನ್ನೇ ಬಿಚ್ಚಿ ಏಪ್ರನ್ ಜೇಬಿಗೆ ಹಾಕಿಕೊಳ್ಳುತ್ತಾರೆ. ನಡೆದರೆ ಜೇಬು ಗಲಗಲ ಅನ್ನುತ್ತದೆ. ಕಟ್ಟಡದವರೆಲ್ಲ ಇವರನ್ನು ಕಿಟಕಿಯಮ್ಮ ಎಂದೇ ಕರೆಯುತ್ತಾರೆ.

ಸೋಂಕಿಗೆ ಹೆದರಿ ಕಚೇರಿಗಳೆಲ್ಲ ಬಾಗಿಲೆಳೆದುಕೊಂಡ ಮೇಲೆ ಈ ಹಾಲಿಗೆ ಬೇಡಿಕೆ ಹೆಚ್ಚಿದೆ. ಮುಖ ನೋಡದೆ ವ್ಯವಹಾರ ಕುದುರದವರು, ಪಾಲುದಾರನ ಕಣ್ಣು ನೋಡದೆ ಸಹಿ ಹಾಕದವರು ಇಲ್ಲಿಗೆ ಬರುತ್ತಾರೆ. ಕೆಳಗೆ ಬಾಗಿಲಲ್ಲಿ ‘ಸುರಕ್ಷಿತ ಸಭಾಂಗಣ’ ಎಂಬ ದೊಡ್ಡ ಬೋರ್ಡು. ಅದರಲ್ಲಿ ದೂರ ದೂರ ಇಟ್ಟ ಕುರ್ಚಿಗಳ ಚಿತ್ರವಿದೆ, ನಗುವ ಸೂಟುಧಾರಿ ಇದ್ದಾನೆ. ಕುರ್ಚಿ ಇಟ್ಟ ಕೈಗಳು ಮಾತ್ರ ಇಲ್ಲ. ಸುರಕ್ಷತೆಯನ್ನು ಮಾರುವವರಿಗೆ ಅದನ್ನು ಹೊತ್ತು ತರುವವರ ಮುಖ ಬೇಕಿಲ್ಲ.

ಆ ಬೋರ್ಡನ್ನು ಕಿಟಕಿಯಮ್ಮ ಒಂದಿಷ್ಟೂ ನಂಬುವುದಿಲ್ಲ. “ಗೇಟಲ್ಲಿ ಹಣೆಗೆ ಹಿಡೀತಾರಲ್ಲ ಯಂತ್ರ, ಅದರ ಲೆಕ್ಕದಲ್ಲಿ ಕುದಿಯೋ ಚಹಾಕ್ಕೂ ಜ್ವರ ಇಲ್ಲ! ನಾನೇ ಹಿಡಿದು ನೋಡಿದೀನಿ,” ಎಂದು ನಗುತ್ತಾರೆ. ಬಂದವರು ಕೆಮ್ಮಿದರೆ ಅನುಮಾನ, ಕೆಮ್ಮನ್ನು ನುಂಗಿಕೊಂಡರೆ ಇನ್ನೂ ದೊಡ್ಡ ಅನುಮಾನ.

ಈ ಅನುಮಾನದ ಬೇರು ಮನೆಯಲ್ಲಿದೆ. ಇರುವುದು ಒಂದೇ ಕೋಣೆ, ನಡುವೆ ಹಳೆಯ ಬೆಡ್‌ಶೀಟಿನ ಪರದೆ. ಪರದೆಯಾಚೆ ಅಕ್ಕ. ಚಿಕ್ಕಂದಿನಿಂದ ಹತ್ತಿ ಗಿರಣಿಯ ದೂಳು ಕುಡಿದು ಶ್ವಾಸಕೋಶ ಕೆಡಿಸಿಕೊಂಡವರು. ಆ ಕೂಲಿಯಲ್ಲೇ ತಂಗಿಯನ್ನು ಸಾಕಿದವರು. ಸೋಂಕಿನ ಮೊದಲ ಸುತ್ತಿನಲ್ಲಿ ಕಿಟಕಿಯಮ್ಮ ಈ ಹಾಲಿನಿಂದಲೇ ಜ್ವರ ಹೊತ್ತುಕೊಂಡು ಮನೆಗೆ ಹೋದರು. ತಂಗಿ ಎದ್ದು ಓಡಾಡಿದರು, ಅಕ್ಕ ಆಸ್ಪತ್ರೆಯ ಮೊಗಸಾಲೆಯಲ್ಲಿ ಉಸಿರಿಗಾಗಿ ಒದ್ದಾಡಿದರು. ಇನ್ನೊಂದು ಸಲ ಬಂದರೆ ಈ ಜೀವ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದಾರೆ.

ಕೆಲಸಕ್ಕೆ ಮರಳಿದ ದಿನ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: “ಕುರ್ಚಿ ಹತ್ತಿರ ಹತ್ತಿರ ಹಾಕಿರ್ತೀಯ, ಅದಕ್ಕೇ ಬಂದಿದೆ.”

ಹಾಕಿರಲಿಲ್ಲ. ನೆಲದಲ್ಲಿ ಹಳದಿ ಟೇಪಿನ ಗುರುತುಗಳಿವೆ. ಕುರ್ಚಿಗಳನ್ನು ಅವುಗಳ ಮೇಲೆಯೇ ಇಟ್ಟಿದ್ದರು. ಸಭೆ ಮುಗಿದ ಮೇಲೆ ಬಂದು ನೋಡಿದಾಗಲೂ ಅಲ್ಲೇ, ಅಚ್ಚುಕಟ್ಟಾಗಿ ಇರುತ್ತಿದ್ದವು. ಲೋಟದ ಕಲೆಗಳು ಮಾತ್ರ ಮೇಜಿನ ಒಂದೇ ತುದಿಯಲ್ಲಿ.

“ಅಲ್ಲೇ ನಂಗೆ ತಲೆ ಕೆಟ್ಟಿದ್ದು. ಕುಡಿದ ಲೋಟ ಎತ್ತಿಡದೇ ಇರೋ ಜನ, ಕುರ್ಚೀನ ಜಾಗಕ್ಕಿಟ್ಟು ಹೋಗ್ತಾರಾ?”

ಅನುಮಾನ ಕಾವಲುಗಾರ ಮೀಸೆಯಣ್ಣನ ಮೇಲೆ ಹೋಯಿತು. ಸಭೆ ಮುಗಿಯುತ್ತಲೇ ಅವರು ಹಾಲಿನೊಳಗೆ ನುಸುಳುವುದನ್ನು ಕಂಡಿದ್ದರು. ಮ್ಯಾನೇಜರನ ಕಿವಿ ಇರಬೇಕು, ತನ್ನನ್ನು ಓಡಿಸಿ ಅವರ ನಾದಿನಿಯನ್ನು ತಂದು ಕೂರಿಸುವ ಹಂಚಿಕೆ ಇರಬೇಕು ಎಂದೆಲ್ಲ ಲೆಕ್ಕ ಹಾಕಿದರು. ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ನೋಡಿದರೆ, ಮೀಸೆಯಣ್ಣ ಒಂದು ಮೂಲೆಯಲ್ಲಿ ಮುತ್ತಿಕೊಂಡಿದ್ದ ಕುರ್ಚಿಗಳನ್ನು ಒಂದೊಂದಾಗಿ ಗುರುತಿಗೆ ತಳ್ಳುತ್ತಿದ್ದಾರೆ.

“ಏನಣ್ಣಾ, ಯಾರು ಹೇಳಿ ಮಾಡಿಸ್ತಿರೋದು ಈ ಸೇವೆ?”

“ಅಯ್ಯೋ ತಾಯೀ, ಜೀವಾನೇ ಹೋಯ್ತು! ಯಾರೂ ಹೇಳಿಲ್ಲಮ್ಮ. ಅವರು ಒಬ್ಬರ ಕಿವಿಗೊಬ್ಬರು ಬಾಯಿ ಹಚ್ಚಿ ಕೂರ್ತಾರೆ. ಎದ್ದು ಹೋದ ಮೇಲೆ ಮ್ಯಾನೇಜರ್ ನೋಡಿದ್ರೆ ಬೈಸ್ಕೊಳ್ಳೋಳು ನೀನು ತಾನೆ?”

“ನನ್ನ ಉಳಿಸೋಕೆ ಹೋಗಿ ನಮ್ಮಕ್ಕನ ಜೀವ ತೆಗೆದುಬಿಡ್ತಿದ್ದೆಯಲ್ಲಣ್ಣಾ!”

ಮೀಸೆಯಣ್ಣ ಈಗಲೂ ಆ ಮಾತು ಬಂದರೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಅವರು ದಿನಾ ಸಾಕ್ಷಿಯನ್ನು ಅಳಿಸುತ್ತಿದ್ದರು. ಬಡವರು ಬಡವರನ್ನು ಬೈಗುಳದಿಂದ ಕಾಪಾಡಲು ಹೊರಟರೆ, ದೊಡ್ಡವರ ತಪ್ಪು ಹೀಗೆ ಗುಡಿಸಿ ಸ್ವಚ್ಛವಾಗಿಬಿಡುತ್ತದೆ.

ಮಾಸ್ಕ್ ಹಾಕಿ ದೂರ ಕೂತರೆ ಜೋರಾಗಿ ಮಾತಾಡಬೇಕು. ಜೋರಾಗಿ ಮಾತಾಡಿದರೆ ಗುಟ್ಟು ಹೊರಗೆ ಹೋಗುತ್ತದೆಂದು ವ್ಯಾಪಾರಿಗಳಿಗೆ ಭಯ. ಹಾಗಾಗಿ ಅವರ ಚಕ್ರದ ಕುರ್ಚಿಗಳು ಸದ್ದಿಲ್ಲದೆ ಉರುಳಿ ಹತ್ತಿರ ಬರುತ್ತಿದ್ದವು. ಕಿಟಕಿಯಮ್ಮ ಮಾಡಿದ್ದಿಷ್ಟೆ: ಒಂದು ಬೆಳಗ್ಗೆ ಮೀಸೆಯಣ್ಣನನ್ನು ಜೊತೆಗೆ ಕರೆದುಕೊಂಡು ಚಕ್ರದ ಕುರ್ಚಿಗಳನ್ನೆಲ್ಲ ಕೆಳಗಿನ ಗೋದಾಮಿಗೆ ತಳ್ಳಿದರು. ಅಲ್ಲಿ ದೂಳು ತಿನ್ನುತ್ತಿದ್ದ ಹಳೆಯ ಕಬ್ಬಿಣದ ಕುರ್ಚಿಗಳನ್ನು ಮೇಲೆ ಹೊತ್ತು ತಂದು, ಕಾಲಿನ ರಬ್ಬರು ಬಿರಡೆಗಳನ್ನು ಕಿತ್ತು ತೆಗೆದಿಟ್ಟುಕೊಂಡರು. ಈಗ ಕುರ್ಚಿ ಒಂದು ಗೇಣು ಸರಿದರೂ ಕಲ್ಲುನೆಲ ಹಲ್ಲು ಜುಮ್ಮೆನ್ನುವಂತೆ ಅರಚುತ್ತದೆ. ಹೊರಗೆ ಸ್ಟೂಲಿನ ಮೇಲೆ ಕಿವಿ ನೆಟ್ಟು ಕೂತಿರುವ ಕಿಟಕಿಯಮ್ಮ ನೀರಿನ ಲೋಟಗಳ ತಟ್ಟೆ ಹಿಡಿದು ಒಳಗೆ ಹೋಗುತ್ತಾರೆ. ಕುರ್ಚಿ ವಾಪಸ್ ಹೋಗುವವರೆಗೂ ಬಾಗಿಲು ಬಿಟ್ಟು ಕದಲುವುದಿಲ್ಲ.

ದೂರು ಬರದೆ ಇರುತ್ತದೆಯೇ? ಮ್ಯಾನೇಜರ್ ಮೊನ್ನೆ ಹಾಲಿಗೆ ಬಂದು ಸಿಡುಕಿದರು: “ಏನಿದು, ಕಸಾಯಿಖಾನೆ ಸದ್ದು? ನಾಳೆಯಿಂದ ಚಕ್ರದ ಕುರ್ಚಿ ಹಾಕು.”

“ಹಾಕ್ತೀನಿ ಸಾರ್. ಪಕ್ಕದ ರೂಮಲ್ಲೇ ಕೂರ್ತೀರಿ, ಇದೇ ಗಾಳಿ ನೀವೂ ಕುಡೀತೀರಿ. ಮನೇಲಿ ನಿಮ್ಮ ತಂದೆಯವರು ಹುಷಾರಾಗಿದಾರಾ?”

ಮ್ಯಾನೇಜರ್ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ತಮ್ಮ ರೂಮಿಗೆ ಹೋದರು. ಚಕ್ರದ ಕುರ್ಚಿಗಳು ಗೋದಾಮಿನಲ್ಲೇ ಇವೆ. ಕಿಟಕಿಯಮ್ಮನಿಗೆ ಅದರ ಮೇಲೂ ನಂಬಿಕೆ ಇಲ್ಲ. ಬೆಳಗ್ಗೆ ಬಂದವರೇ ಮೊದಲು ಗೋದಾಮಿನ ಬೀಗ ಎಳೆದು ನೋಡುತ್ತಾರೆ.

ಸಂಜೆ ಮನೆಗೆ ಹೋದರೆ ಹೊಸ್ತಿಲಲ್ಲೇ ಅಕ್ಕನ ವಿಚಾರಣೆ. “ಇವತ್ತು ಎಷ್ಟು ಜನರ ಮಾನ ತೆಗೆದೆಯೇ?” ಪರದೆಯಾಚೆಯ ನಗು ಕೆಮ್ಮಿಗೆ ತಿರುಗದಿದ್ದರೆ ಆ ದಿನ ಗೆದ್ದಂತೆ.

ಬೋರ್ಡಿನಲ್ಲಿ ತಮ್ಮ ಚಿತ್ರ ಬರಬೇಕೆಂಬ ಆಸೆ ಇವರಿಗಿಲ್ಲ. ಬೇಕಾದ್ದು ಏನು ಎಂದು ಕೇಳಿದರೆ ಜೇಬಿನಿಂದ ರಬ್ಬರು ಬಿರಡೆಗಳನ್ನು ತೆಗೆದು ಅಂಗೈಯಲ್ಲಿ ಉರುಳಿಸುತ್ತಾರೆ. “ಈ ಪೀಡೆ ಮುಗಿದ ದಿನ ಇಲ್ಲಿಂದ ಎರಡು ಕುರ್ಚಿ ಕೇಳಿ ತಗೊಂಡು ಹೋಗ್ತೀನಿ. ಪರದೆ ಕಿತ್ತು, ಅಕ್ಕನ ಭುಜಕ್ಕೆ ಭುಜ ತಾಗಿಸ್ಕೊಂಡು ಕೂರಬೇಕು. ಅವತ್ತು ಹಾಕ್ತೀನಿ ನೋಡಿ, ಈ ರಬ್ಬರ್ನ.”

ಹಾಲಿನ ಒಳಗಿನಿಂದ ಕಿರ್ರೆಂದು ಸದ್ದು. ಬಿರಡೆಗಳು ಜೇಬಿಗೆ ಮರಳುತ್ತವೆ. ಕಿಟಕಿಯಮ್ಮ ತಟ್ಟೆ ಎತ್ತಿಕೊಂಡು, ಬಾಗಿಲನ್ನು ಮೊಣಕೈಯಿಂದ ತಳ್ಳುತ್ತಾರೆ.

“ಯಾರಿಗೋ ನೀರು ಬೇಕಿತ್ತಾ ಸಾರ್?”