ಚಾಪೆಗೆ ಮಾಡಿದ ನಮಸ್ಕಾರ

ಇಪ್ಪತ್ತು ವರ್ಷದ ಮೇಲಾಯಿತು, ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂಬ ಆಸೆಯೂ ನನಗಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನಾಗ ಒಂಬತ್ತನೇ ಕ್ಲಾಸು. ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆ, ಅಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಪ್ರತಿ ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಭರತನಾಟ್ಯದ ಕ್ಲಾಸಿಗೆ ಹೋಗುತ್ತಿದ್ದೆ. ಐದು ವರ್ಷ ಹೋದೆ, ಐದು ವರ್ಷವೂ ಹಿಂದಿನ ಸಾಲಿನಲ್ಲೇ ನಿಂತೆ. ಮೇಡಂ ಮರದ ಮಣೆಯ ಮೇಲೆ ಕೋಲು ಬಡಿದು ತಾಳ ಹಾಕುತ್ತಿದ್ದರು. ನನ್ನ ಮೇಲೆ ಕಣ್ಣು ಬಿದ್ದಾಗ ಕೋಲು ನಿಲ್ಲುತ್ತಿತ್ತು.

"ಮತ್ತೆ ಓಡ್ತಿದ್ದೀಯ. ಎಲ್ಲಿಗೆ ಅಷ್ಟು ಅರ್ಜೆಂಟು? ಭದ್ರಾವತಿ ಬಸ್ ಇನ್ನೂ ಹೊರಟಿಲ್ಲ ಕಣಮ್ಮ."

ಇಡೀ ಕ್ಲಾಸು ನಗುತ್ತಿತ್ತು. ತಾಳ ಬಿಟ್ಟು ಎಲ್ಲಿ ಮುಂದೆ ಓಡುತ್ತೇನೆ, ಎಷ್ಟು ಓಡುತ್ತೇನೆ ಎಂದು ಒಂದು ದಿನವೂ ಹೇಳಿಕೊಡಲಿಲ್ಲ. ಧೈರ್ಯ ಮಾಡಿ ಒಮ್ಮೆ ಕೇಳಿದ್ದಕ್ಕೆ, "ತಾಳ ಒಳಗಿಂದ ಬರ್ಬೇಕು. ಕೆಲವರಿಗೆ ಇರುತ್ತೆ, ಕೆಲವರಿಗೆ ಇರಲ್ಲ" ಎಂದರು. ಒಳಗಿಂದ ತಾನಾಗಿ ಬರುವ ಹಾಗಿದ್ದರೆ ಇವರ ಕ್ಲಾಸು ಯಾತಕ್ಕೆ ಬೇಕಿತ್ತು?

ಕ್ಲಾಸು ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೆಯುವ ದಾರಿಯಲ್ಲಿ, ನೆಹರೂ ರಸ್ತೆಯ ಪಕ್ಕದ ಗಲ್ಲಿಯೊಳಗೆ, ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಕಾಲೇಜು ಹುಡುಗರು ಸಾಲಾಗಿ ಕುಳಿತು ಕಾರು ಓಡಿಸುತ್ತಿದ್ದರು, ಗುಂಡು ಹಾರಿಸುತ್ತಿದ್ದರು. ಆ ವರ್ಷ ಮೂಲೆಯಲ್ಲಿ ಒಂದು ಹೊಸ ಆಟ ಬಂತು. ನೆಲದ ಮೇಲೆ ಪ್ಲಾಸ್ಟಿಕ್ಕಿನ ಚಾಪೆ, ಅದರಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಬಾಣದ ಗುರುತು. ಎದುರಿನ ಟಿ.ವಿ.ಯಲ್ಲಿ ಹಾಡು ಶುರುವಾದೊಡನೆ ಕೆಳಗಿನಿಂದ ಬಾಣಗಳು ಏರುತ್ತಾ ಬರುತ್ತವೆ. ಮೇಲಿರುವ ಖಾಲಿ ಗುರುತಿನೊಳಗೆ ಬಾಣ ಸರಿಯಾಗಿ ಕೂರುವ ಗಳಿಗೆಯಲ್ಲೇ ಚಾಪೆಯ ಮೇಲೆ ಅದೇ ಬಾಣವನ್ನು ತುಳಿಯಬೇಕು. ಸರಿಯಾಗಿ ತುಳಿದರೆ 'ಪರ್ಫೆಕ್ಟ್', ಸ್ವಲ್ಪ ಆಚೀಚೆಯಾದರೆ 'ಗುಡ್', ತಪ್ಪಿದರೆ 'ಮಿಸ್'.

ಬಾಗಿಲಲ್ಲಿ ನಿಂತು ಎರಡು ಭಾನುವಾರ ನೋಡಿದೆ. ಮೂರನೇ ಭಾನುವಾರ ಅಂಗಡಿಯವರೇ ಕರೆದರು. "ಆಡ್ತೀಯೇನಮ್ಮ? ಚಪ್ಪಲಿ ಬಿಚ್ಚಿ ಬಾ."

ಕುಣಿಯುವ ಮೊದಲು ಬಗ್ಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ತುಳಿಯುವುದಕ್ಕೆ ಮೊದಲೇ ಭೂಮಿಯ ಕ್ಷಮೆ ಕೇಳುವುದು. ಐದು ವರ್ಷದ ಅಭ್ಯಾಸ, ಕೈ ತಾನಾಗಿಯೇ ಚಾಪೆಗೆ ಹೋಯಿತು. ಚಾಪೆಗೆ ಕೈಯೂ ಒಂದೇ, ಕಾಲೂ ಒಂದೇ. ಕೈ ಬಾಣದ ಮೇಲೆ ಬಿದ್ದು, ಟಿ.ವಿ.ಯಲ್ಲಿ ಪಟಪಟನೆ ಏನೇನೋ ಬದಲಾಗಿ ಇದ್ದುದರಲ್ಲೇ ಅತಿ ಕಷ್ಟದ ಹಾಡು ಶುರುವಾಯಿತು. ನಾನು ಬೇರೆ ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ನಿಂತಿದ್ದೆ! ಬಾಣಗಳು ಮಳೆ ಬಿದ್ದ ಹಾಗೆ ಬಂದವು, ಅರ್ಧ ನಿಮಿಷದಲ್ಲಿ ಆಟ ಮುಗಿಯಿತು. ಹುಡುಗರು ಕಾರು ಓಡಿಸುವುದನ್ನು ಬಿಟ್ಟು ನಕ್ಕರು. "ಚಾಪೆಗೆ ನಮಸ್ಕಾರ ಮಾಡ್ತಾಳೆ ನೋಡ್ರೋ" ಎಂದ ಒಬ್ಬ. ಅವನನ್ನು ಗುರುಗುಟ್ಟಿ ನೋಡಿ ಇನ್ನೊಂದು ಆಟ ಕೇಳಿದೆ.

ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಆ ಯಂತ್ರದಲ್ಲಿ ನನಗೆ ಹಿಡಿಸಿದ್ದು ಒಂದೇ ಗುಣ: ಅದು ಮುಖ ನೋಡುತ್ತಿರಲಿಲ್ಲ. ಯಾರ ಮಗಳು, ಯಾವ ಊರಿಂದ ಬಂದವಳು, ಯಾವ ಸಾಲಿನವಳು ಎಂದು ಕೇಳುತ್ತಿರಲಿಲ್ಲ. ನಿಧಾನದ ಹಾಡಿಗೆ ನನ್ನ ಹೆಜ್ಜೆಗಳೆಲ್ಲ ಬರೀ 'ಗುಡ್', ವೇಗದ ಹಾಡಿಗೆ ಒಂದರ ಹಿಂದೊಂದು 'ಪರ್ಫೆಕ್ಟ್'. ಮೂರ್ನಾಲ್ಕು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಎರಡು ಪೆಟ್ಟುಗಳ ನಡುವೆ ಜಾಗ ಜಾಸ್ತಿಯಾದರೆ ನನಗೆ ತಡೆಯಲಾಗುತ್ತಿರಲಿಲ್ಲ, ಕಾಲು ಮೊದಲೇ ಬಿದ್ದುಬಿಡುತ್ತಿತ್ತು. ಮೇಡಂ ಹೇಳಿದ್ದು ಸುಳ್ಳಲ್ಲ, ನಾನು ಓಡುತ್ತಿದ್ದೆ. ಆದರೆ ಎಲ್ಲಿ ಓಡುತ್ತೇನೆಂದು ತೋರಿಸಿಕೊಡಲು ಒಂದು ಪ್ಲಾಸ್ಟಿಕ್ ಚಾಪೆ ಬರಬೇಕಾಯಿತು.

ತಿದ್ದಿಕೊಳ್ಳುವುದು ಸುಲಭವಿರಲಿಲ್ಲ. ತುಳಿಯುವುದಕ್ಕಿಂತ ಕಾಯುವುದು ಕಷ್ಟ. ಎತ್ತಿದ ಕಾಲನ್ನು ಹಾಗೇ ಹಿಡಿದು ನಿಲ್ಲುವಾಗ ತೊಡೆ ನಡುಗುತ್ತಿತ್ತು. ಬಾಣ ನೋಡುತ್ತಾ ಕುಣಿದರೆ ಕಣ್ಣು ಮುಂದೆ ಓಡಿ ಕಾಲನ್ನೂ ಎಳೆದುಕೊಂಡು ಹೋಗುತ್ತಿತ್ತು. ಕೊನೆಗೆ ಹಾಡಿನ ಬಾಣಗಳನ್ನು ಬಾಯಿಪಾಠ ಮಾಡಿ, ಮುಖ ಗೋಡೆಯ ಕಡೆ ತಿರುಗಿಸಿ, ಬರೀ ಕಿವಿಯಿಂದ ಆಡಿದೆ. ಇಡೀ ನಿಧಾನದ ಹಾಡನ್ನು ಒಂದೂ 'ಗುಡ್' ಇಲ್ಲದೆ, ಬರೀ 'ಪರ್ಫೆಕ್ಟ್'ನಲ್ಲೇ ಮುಗಿಸಿದ ದಿನ ಅಂಗಡಿಯವರು ಎದ್ದು ಬಂದು ಟಿ.ವಿ. ನೋಡಿದರು. ನಕ್ಕಿದ್ದ ಹುಡುಗರೂ ಕಾರು ಬಿಟ್ಟು ಬಂದು ಇಣುಕಿದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಊರು ಸೇರಿದೆ.

ಕ್ಲಾಸಿನಲ್ಲೂ ಅದು ಕಂಡಿತು. ವಾರ್ಷಿಕೋತ್ಸವಕ್ಕೆ ಏಳು ಹುಡುಗಿಯರ ಒಂದು ನೃತ್ಯ, ಮುಂದೆ ಮೂವರು, ಹಿಂದೆ ನಾಲ್ವರು. ಅಭ್ಯಾಸದ ನಡುವೆ ಮೇಡಂ ಕೋಲು ನಿಲ್ಲಿಸಿದರು. ಬೈಗುಳಕ್ಕೆ ತಯಾರಾಗಿದ್ದೆ. "ನೀನು ಮುಂದೆ ಬಾ, ಮಧ್ಯ ನಿಂತ್ಕೋ" ಎಂದರು. ಐದು ವರ್ಷದಲ್ಲಿ ಮೊದಲ ಸಲ ನನಗೂ ಕೋಣೆಯ ಕನ್ನಡಿಗೂ ನಡುವೆ ಯಾರ ಬೆನ್ನೂ ಇರಲಿಲ್ಲ. ಅಂದೇ ಮನೆಗೆ ಹೋಗಿ, ಈ ಸಲ ನೋಡಲು ಬರಲೇಬೇಕೆಂದು ಅಪ್ಪನಿಂದ ಮಾತು ತೆಗೆದುಕೊಂಡೆ.

ಎರಡು ವಾರ ಕಳೆದ ಮೇಲೆ ಮೇಡಂ ಎಲ್ಲರೆದುರು ಕೇಳಿದರು. "ಏನು ಪ್ರಾಕ್ಟೀಸ್ ಮಾಡ್ತಿದ್ದೀಯ? ಇವರಿಗೂ ಹೇಳು."

ಸುಳ್ಳು ಹೇಳಬಹುದಿತ್ತು. ಪೆದ್ದಿ ನಾನು, ಹಿಗ್ಗಿ ಎಲ್ಲವನ್ನೂ ಹೇಳಿದೆ. ಅಂಗಡಿ, ಬಾಣ, ಚಾಪೆ. ಹೇಳುತ್ತಾ ಹೋದ ಹಾಗೆ ಅವರ ಮುಖ ಗಂಟಿಕ್ಕುವುದು ಕಂಡಿತು. ಸಮಾಧಾನ ಮಾಡಲೆಂದು, "ನಮಸ್ಕಾರ ಮಾಡಿಯೇ ಹತ್ತಿದ್ದು ಮೇಡಂ" ಎಂದು ಸೇರಿಸಿದೆ. ಕೆಟ್ಟಿದ್ದು ಅಲ್ಲಿ.

"ಏನಂದೆ? ಭೂಮಿತಾಯಿಗೆ ಮಾಡೋ ನಮಸ್ಕಾರಾನ ಆ ಹುಡುಗರು ಆಡೋ ಚಾಪೆಗೆ ಮಾಡಿದ್ಯಾ?"

"ನೆಲಾನೇ ಅಲ್ವಾ ಮೇಡಂ, ಚಾಪೆ ಕೆಳಗೆ..."

"ಬಾಯ್ಮುಚ್ಚು. ಹಿಂದೆ ಹೋಗಿ ನಿಂತ್ಕೋ."

ಹೋಗಿ ನಿಂತೆ. ನಾನು ತಾಳ ತಪ್ಪಿದ್ದರೆ ಆ ಶಿಕ್ಷೆ ಒಪ್ಪುತ್ತಿದ್ದೆ. ತಾಳ ಕಲಿತದ್ದಕ್ಕೆ ಶಿಕ್ಷೆ! ಕಲಿತ ಜಾಗ ಸರಿಯಿಲ್ಲ ಎಂದು ಕಲಿತದ್ದೇ ಸುಳ್ಳಾಗುತ್ತದೆಯೇ? ಭಕ್ತಿಯಿಂದ ಬಗ್ಗಿದ ಬೆನ್ನಿಗೆ ಅದಕ್ಕಿಂತ ದೊಡ್ಡ ಅವಮಾನವನ್ನು ಯಾರೂ ಮಾಡಲಾರರು. ಬಸ್ಸಿನ ಕಿಟಕಿಗೆ ಮುಖ ಇಟ್ಟು ಅತ್ತೆ. ಅಪ್ಪನಿಗೆ ಏನೂ ಹೇಳಲಿಲ್ಲ. ನೋಡಲು ಬಂದಾಗ, ಹಿಂದಿನ ಸಾಲಿನಲ್ಲಿದ್ದರೂ ನಾನು ತಪ್ಪದಿರುವುದು ಕಂಡೇ ಕಾಣುತ್ತದೆ ಎಂದುಕೊಂಡೆ.

ವಾರ್ಷಿಕೋತ್ಸವದ ಸಂಜೆ ಸಂಗೀತ ಕ್ಯಾಸೆಟ್ಟಿನಿಂದ ಬಂತು. ಕ್ಯಾಸೆಟ್ಟು ಯಾರಿಗಾಗಿಯೂ ಓಡುವುದಿಲ್ಲ, ಯಾರಿಗಾಗಿಯೂ ನಿಲ್ಲುವುದಿಲ್ಲ. ಮೊದಲ ಭಾಗ ಚೆನ್ನಾಗಿಯೇ ಆಯಿತು. ನಿಧಾನದ ಭಾಗ ಬಂದಾಗ ಮುಂದಿನ ಮೂವರು, ತುಂಬಿದ ಸಭೆ ನೋಡಿ ಗಾಬರಿಯಾಗಿಯೋ ಏನೋ, ಪೆಟ್ಟಿಗಿಂತ ಮೊದಲೇ ಹೆಜ್ಜೆ ಇಡತೊಡಗಿದರು. ಅವರ ಕಾಲು ನೋಡಿಕೊಂಡು ಕುಣಿಯುತ್ತಿದ್ದ ಹಿಂದಿನ ಮೂವರೂ ಓಡಿದರು. ನನ್ನ ಕಾಲಿಗೂ ಅವರ ಜೊತೆ ಹೋಗುವ ಆಸೆ ಬಂತು. ಹಲ್ಲು ಕಚ್ಚಿ ಹಿಡಿದೆ. ಒಂದೊಂದು ಹೆಜ್ಜೆಯನ್ನೂ ಸದ್ದಿಗೆ ಸರಿಯಾಗಿ ಇಟ್ಟೆ. ಆರು ಜನ ಎಡಕ್ಕೆ ತಿರುಗಿ ನಿಂತ ಮೇಲೆ ನಾನೊಬ್ಬಳು ತಿರುಗುತ್ತಿದ್ದೆ. ಮುಂದಿನ ಕುರ್ಚಿಯಲ್ಲಿ ಯಾರೋ ನನ್ನತ್ತ ಬೆರಳು ಮಾಡಿ ನಕ್ಕದ್ದು ವೇದಿಕೆಯ ಮೇಲಿಂದಲೇ ಕಂಡಿತು. ಮೇಡಂ ಪರದೆಯ ಪಕ್ಕ ನಿಂತು ಹಣೆ ಚಚ್ಚಿಕೊಂಡರು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಡಲೆಕಾಯಿ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು.

"ಎಲ್ಲಾ ಚೆನ್ನಾಗಿತ್ತು ಮಗಾ. ನೀನೊಬ್ಳೇ ಸ್ವಲ್ಪ ಹಿಂದೆ ಬಿದ್ದೆ. ಪರವಾಗಿಲ್ಲ ಬಿಡು."

"ನಾನು ಹಿಂದೆ ಬಿದ್ದಿಲ್ಲಪ್ಪ. ಅವರೆಲ್ಲ ಮುಂದೆ ಓಡಿದ್ದು."

"ಅಲ್ಲ ಮಾರಾಯ್ತಿ, ಆರು ಜನ ತಪ್ಪು, ನೀನೊಬ್ಳು ಸರೀನಾ?"

"ಹೌದು" ಎಂದೆ.

ಮಾಚೇನಹಳ್ಳಿ ದಾಟುವವರೆಗೂ ಅಪ್ಪ ಕಡಲೆಕಾಯಿ ಸುಲಿಯುತ್ತಾ ಕುಳಿತರು. ನನ್ನ ಮಾತನ್ನು ನಂಬಲಿಲ್ಲ ಎಂದುಕೊಂಡೆ. ಹಾಗಲ್ಲ, ಅವರು ಅದನ್ನೇ ಯೋಚಿಸುತ್ತಿದ್ದರು.

"ಇರ್ಬಹುದು ಮಗಾ. ನೀನೇ ಸರಿ ಇರ್ಬಹುದು. ಆದ್ರೆ ಮುಂದಿನ ಸಲ ನೀನೂ ಅವರ ಜೊತೇಲೇ ತಪ್ಪು ಮಾಡು. ನೋಡೋರಿಗೆ ಚೆನ್ನಾಗಿ ಕಾಣುತ್ತೆ."

ತಲೆ ಸವರಿ, ಪ್ರೀತಿಯಿಂದಲೇ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಸರಿ ಎಂದು ಗೊತ್ತಿದ್ದೂ ಹಾಗೆ ಹೇಳಿದರಲ್ಲ, ಅದನ್ನು ತಡೆಯಲಾಗಲಿಲ್ಲ. ಮುಂದಿನ ಸಲ ಎನ್ನುವುದೇ ಇಲ್ಲ ಎಂದೆ. ಆ ಭಾನುವಾರವೂ ಕ್ಲಾಸಿಗೆ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ.